ಮೇಷ್ಟ್ರು ಮುಚ್ಚಿದ ಬೆಳ್ಳಿ: ಕಂತು ಏಳು

ಎಲ್ವೀರಾ ತಾವೊನಿ ಕತ್ತರಿಯನ್ನು ಎರಡನೆಯ ಸಲ ತನ್ನ ಅಂಗಡಿಯ ಮೇಜಿನ ಮೇಲೆ ಇಟ್ಟಳು.

"ಮತ್ತೇನಾಯ್ತು?" ಎಂದ ಪೊಲೀಸ್ ಠಾಣೆಯ ಅಧಿಕಾರಿ, ಮಾರೆಶಾಲ್ಲೊ ಲೊಪಾಲ್ಕೊ.

"ಏನಿಲ್ಲ."

"ಏನಿಲ್ಲ ಅಂತೀರಿ, ಕತ್ತರಿ ಮಾತ್ರ ಉಯ್ಯಾಲೆ ಆಡ್ತಿದೆ. ಅದು ಪ್ಲಾಸ್ಟಿಕ್ ಕವರು ಕಣ್ರೀ ಸಿನ್ಯೋರಾ, ಕೂಸಿನ ಹೊಕ್ಕಳಬಳ್ಳಿ ಅಲ್ಲ."

ಅವಳು ನಗಲಿಲ್ಲ. ಮೂವತ್ತು ವರ್ಷ ನಾಣ್ಯ ಹಿಡಿದ ಕೈ ಅದು, ಎಂದೂ ಹಿಂಜರಿದಿದ್ದಿಲ್ಲ. ಈಗ ಅದು ಹಿಂಜರಿದದ್ದು ಕವರಿನೊಳಗಿನ ನಾಣ್ಯಕ್ಕಲ್ಲ, ಅದರ ಜೊತೆಗಿದ್ದ ಚೀಟಿಯ ಹಸಿರು ಶಾಯಿಯ ಸಹಿಗೆ.

"ಇದು ನನ್ನ ಮೇಷ್ಟ್ರ ಮುದ್ರೆ. ಈ ಊರಲ್ಲಿ ಇದನ್ನ ಯಾರೂ ಒಡೆದಿಲ್ಲ."

"ಒಡೀಲೇಬೇಕು ಅಂತ ನ್ಯಾಯಾಧೀಶರು ಬರೆದು ಕೊಟ್ಟಿದ್ದಾರೆ. ನಿಮಗೆ ಆಗಲ್ಲ ಅಂದ್ರೆ ಬೊಲೋನ್ಯಾದಿಂದ ಬೇರೆಯವರನ್ನ ಕರೆಸ್ತೀನಿ. ಅವರು ಹಲ್ಲಲ್ಲಿ ಕಚ್ಚಿ ಹರೀತಾರೆ."

ವಕೀಲ ಗವಿಯೋಲಿ ತಮ್ಮ ಮನೆಯ ಮೆಟ್ಟಿಲಿಂದ ಬಿದ್ದು ಸತ್ತು ಇಪ್ಪತ್ತು ದಿನವಾಗಿತ್ತು. ಅವರ ಬೀರುವಿನ ಇಪ್ಪತ್ತನಾಲ್ಕು ರೋಮನ್ ಬೆಳ್ಳಿ ನಾಣ್ಯಗಳಲ್ಲಿ ವಾರಸುದಾರರು ಮಾರಲು ಕಳಿಸಿದ ಒಂದು ಜೂರಿಚ್‌ನಿಂದ ಖೋಟಾ ಎಂದು ವಾಪಸು ಬಂದು ಹನ್ನೊಂದು ದಿನ. ವಕೀಲರನ್ನು ನೋಡಿಕೊಳ್ಳಲು ಮನೆಯಲ್ಲೇ ಇದ್ದ ಪರಸ್ಕೋವಿಯಾ ಎಂಬ ಮೊಲ್ದೋವಾದ ಹೆಂಗಸು ಠಾಣೆ ಸೇರಿ ಹತ್ತು ದಿನ.

ಈ ದೇಶದಲ್ಲಿ ಹಳೆಯ ನಾಣ್ಯದ ಬಾಳುವೆಯೆಲ್ಲ ಕವರಿನೊಳಗೇ. ತಜ್ಞ ನಾಣ್ಯವನ್ನು ಪಾರದರ್ಶಕ ಕವರಿಗೆ ಹಾಕುತ್ತಾನೆ, ಹೆಸರು ತೂಕ ಬರೆದ ಚೀಟಿಗೆ ಸಹಿ ಮಾಡಿ ಜೊತೆಗಿಡುತ್ತಾನೆ, ಅಂಚಿಗೆ ಹಿತ್ತಾಳೆಯ ಎರಡು ಪುಟ್ಟ ರಿವೆಟ್ ಬಡಿಯುತ್ತಾನೆ. ಆಮೇಲೆ ನಾಣ್ಯ ಕೈಯಿಂದ ಕೈಗೆ ಹೋಗುವುದು ಕವರಿನ ಸಮೇತ. ಕವರು ಒಡೆದರೆ ತಜ್ಞನ ಮಾತೂ ಒಡೆದಂತೆ. ಅದರಲ್ಲೂ ಎಲ್ವೀರಾಳಿಗೆ ಈ ಕೆಲಸ ಕಲಿಸಿದ ಮೇಷ್ಟ್ರು ಲೆಯಾರ್ಕೊ ಬೆನಾಸ್ಸಿಯ ಕವರು ಎಂದರೆ, ಮೊದೆನಾದಿಂದ ಮಿಲಾನೊವರೆಗೆ ಅಂಗಡಿಯವರು ಮೊದಲು ನೋಡುತ್ತಿದ್ದದ್ದು ಸಹಿಯನ್ನು. ಸಹಿ ನೋಡಿದ ಮೇಲೆ ನಾಣ್ಯವನ್ನು ನೋಡುತ್ತಿರಲಿಲ್ಲ.

ಜೂರಿಚ್‌ನ ವ್ಯಾಪಾರಿಗೆ ಈ ಭಕ್ತಿ ಇರಲಿಲ್ಲ. ಒಡೆದ, ನೋಡಿದ, ವಾಪಸು ಕಳಿಸಿದ.

ಪರಸ್ಕೋವಿಯಾಳ ಮೇಜಿನ ಖಾನೆಯಲ್ಲಿ ಪರದೆಗೆ ಬಳೆ ಕೂರಿಸುವ ಇಕ್ಕಳ ಸಿಕ್ಕಿತ್ತು. ಅಷ್ಟೇ ಸಾಕಾಯಿತು. ರಿವೆಟ್ ಬಿಚ್ಚಿ ಅಸಲಿ ತೆಗೆದಳು, ಖೋಟಾ ತುರುಕಿ ಮತ್ತೆ ರಿವೆಟ್ ಬಡಿದಳು, ಮುದುಕರಿಗೆ ಗೊತ್ತಾದಾಗ ಮೆಟ್ಟಿಲ ಮೇಲಿಂದ ನೂಕಿದಳು. ಸರ್ಕಾರಿ ವಕೀಲನ ಕತೆ ಇದು. ಅವಳನ್ನು ಜೈಲಿಗೆ ಕಳಿಸಬೇಕೋ ಮನೆಗೆ ಬಿಡಬೇಕೋ ಎಂಬುದನ್ನು ನ್ಯಾಯಾಧೀಶರು ಇವತ್ತು ಒಂದು ಗಂಟೆಗೆ ತೀರ್ಮಾನಿಸುವವರಿದ್ದರು. ಅವರ ಮುಂದೆ ಇರಬೇಕಾದದ್ದು ಒಂದೇ ಕಾಗದ, ಎಲ್ವೀರಾ ಬರೆಯಬೇಕಾದದ್ದು.

ಅವಳು ಕತ್ತರಿಸಿದಳು.

ನಾಣ್ಯ ಅಂಗೈಗೆ ಜಾರಿತು. ಒಂದು ಬದಿಯಲ್ಲಿ ಶಿರಸ್ತ್ರಾಣ ತೊಟ್ಟ ದೇವಿಯ ತಲೆ, ಇನ್ನೊಂದರಲ್ಲಿ ಈಟಿ ಹಿಡಿದು ಓಡುವ ಇಬ್ಬರು ಕುದುರೆ ಸವಾರರು. ಬೆಳ್ಳಿಗೆ ಹಳೆಯ ಬೂದು ಬಣ್ಣ ಹದವಾಗಿ ಕೂತಿತ್ತು. ಯಾರೋ ತಿಳಿದವನ ಕೆಲಸ.

ತಕ್ಕಡಿಯ ಮೇಲಿಟ್ಟಳು.

"ಓದಿ" ಎಂದಳು.

"ಮೂರು ಪಾಯಿಂಟ್ ಎಂಟು ಎರಡು ಗ್ರಾಂ" ಎಂದ ಮಾರೆಶಾಲ್ಲೊ.

"ಚೀಟಿಯಲ್ಲಿ?"

"ಮೂರು ಪಾಯಿಂಟ್ ಎಂಟು ಎರಡು."

ಎರಡನೆಯದು ಮೂರು ಪಾಯಿಂಟ್ ಒಂಬತ್ತು ಒಂದು. ಚೀಟಿಯಲ್ಲೂ ಅದೇ. ಮೂರನೆಯದು, ನಾಲ್ಕನೆಯದು. ಹತ್ತನೆಯ ನಾಣ್ಯದ ಹೊತ್ತಿಗೆ ಮಾರೆಶಾಲ್ಲೊ ಹಾಸ್ಯ ಬಿಟ್ಟಿದ್ದ. ಜೂರಿಚ್ ಒಡೆದದ್ದನ್ನು ಬಿಟ್ಟು ಉಳಿದ ಇಪ್ಪತ್ತಮೂರೂ ಮುಗಿದಾಗ ಅವನು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

"ಒಂದು ಕೂದಲಷ್ಟೂ ವ್ಯತ್ಯಾಸ ಇಲ್ಲ. ಅಂದ್ರೆ ಇವು ಅಸಲಿ ಅಂತಾನಾ?"

"ಅಲ್ಲ. ಚೀಟಿ ಬರೆದ ದಿನ ತಕ್ಕಡಿ ಮೇಲೆ ಇದ್ದದ್ದು ಇವೇ ನಾಣ್ಯಗಳು ಅಂತ ಮಾತ್ರ ಅರ್ಥ. ಯಾರೋ ಆಮೇಲೆ ಬದಲಾಯಿಸಿದ್ರೆ ಇಪ್ಪತ್ತಮೂರರಲ್ಲಿ ಒಂದಾದ್ರೂ ತಪ್ಪಬೇಕಿತ್ತು."

"ಅಸಲಿಯೋ ಅಲ್ಲವೋ?"

ಎಲ್ವೀರಾ ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸಿ ಇಪ್ಪತ್ತಮೂರನ್ನೂ ಸಾಲಾಗಿ ಇಟ್ಟಳು. ದೇವಿಯ ತಲೆಗಳೆಲ್ಲ ನೆಟ್ಟಗೆ ನಿಂತವು. ಆಮೇಲೆ ಒಂದೊಂದನ್ನೇ ಎರಡು ಬೆರಳಲ್ಲಿ ಅಂಚು ಹಿಡಿದು, ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ಮಗುಚಿದಳು.

"ಏನು ಕಾಣುತ್ತೆ?"

"ಕುದುರೆ. ಸವಾರರು."

"ಹೇಗಿದ್ದಾರೆ?"

"ಹೇಗಿರ್ತಾರೆ? ನೆಟ್ಟಗಿದ್ದಾರೆ. ಎಲ್ಲರೂ. ಪೆರೇಡಿಗೆ ನಿಂತ ಹಾಗೆ."

"ಆ ಕಾಲದ ಟಂಕಸಾಲೇಲಿ ಕೆಳಗಿನ ಅಚ್ಚು ಅಡಿಗಲ್ಲಲ್ಲಿ ಕೂತಿರ್ತಿತ್ತು, ಮೇಲಿನದು ಆಳಿನ ಕೈಲಿ. ಇನ್ನೊಬ್ಬ ಸುತ್ತಿಗೆ ಬಡೀತಿದ್ದ. ಪ್ರತಿ ಏಟಿಗೂ ಹಿಡಿದವನ ಕೈ ಅಷ್ಟಿಷ್ಟು ತಿರುಗುತ್ತೆ. ಅದಕ್ಕೆ ಈ ನಾಣ್ಯಗಳ ಹಿಂಬದಿ ಒಂದರಲ್ಲಿ ಓರೆ, ಒಂದರಲ್ಲಿ ತಲೆಕೆಳಗು, ಒಂದರಲ್ಲಿ ಅಡ್ಡ. ಒಂದು ನಾಣ್ಯ ನೆಟ್ಟಗಿದ್ರೆ ಅನುಮಾನ ಬೇಡ. ಇಪ್ಪತ್ತಮೂರೂ ನೆಟ್ಟಗಿದ್ರೆ..."

"ಕೈಯಲ್ಲ."

"ಕೈಯಲ್ಲ. ಒತ್ತುವ ಯಂತ್ರ. ಅಚ್ಚು ಎರಡನ್ನೂ ಬಿಗಿದು ಕೂರಿಸಿ ಒತ್ತಿದ್ದು. ಕವರಿನ ಮೇಲಿಂದ ಒಂದೊಂದಾಗಿ ನೋಡಿದವರಿಗೆ ಇದು ಎಂದೂ ಗೊತ್ತಾಗಲ್ಲ."

ಮಾರೆಶಾಲ್ಲೊ ಕತ್ತರಿಸಿದ ಕವರೊಂದನ್ನು ಬೆಳಕಿಗೆ ಹಿಡಿದ. "ರಿವೆಟ್ಟು? ಅದನ್ನ ಆ ಹೆಂಗಸಿನ ಇಕ್ಕಳದಲ್ಲಿ..."

"ರಿವೆಟ್ಟಿನ ತಲೆ ಮೇಲೆ ಗೀರು ಇದೆ ನೋಡಿ. ಮಸೂರದಲ್ಲಿ."

"ಇದೆ. ಸಣ್ಣದು."

"ಮೇಷ್ಟ್ರ ರಿವೆಟ್ ಯಂತ್ರದ ದವಡೆ ಸವೆದು ಆ ಗೀರು ಬೀಳುತ್ತೆ. ಅದು ಬೇರೆ ಯಾವ ಯಂತ್ರದಲ್ಲೂ ಬೀಳಲ್ಲ."

"ಆ ಯಂತ್ರ ಈಗೆಲ್ಲಿದೆ?"

"ನಿಮ್ಮ ಬೆನ್ನ ಹಿಂದೆ."

ಮಾರೆಶಾಲ್ಲೊ ಮೆಲ್ಲಗೆ ತಿರುಗಿ ನೋಡಿದ. ಕಪಾಟಿನ ಮೇಲೆ ಎಣ್ಣೆ ಹಚ್ಚಿದ ಕಬ್ಬಿಣದ ಪುಟ್ಟ ಯಂತ್ರ ಕೂತಿತ್ತು. ಅವನು ಮತ್ತೆ ಅವಳ ಕಡೆ ತಿರುಗುವಾಗ ಮುಖದಲ್ಲಿ ಸ್ನೇಹ ಇತ್ತು, ಕಣ್ಣಲ್ಲಿ ಇರಲಿಲ್ಲ.

"ಹಾಗಾದ್ರೆ ಇಬ್ಬರೇ. ಅವರು, ಇಲ್ಲಾ ನೀವು."

"ಯಂತ್ರ ನನಗೆ ಬಂದದ್ದು ಎರಡು ಸಾವಿರದ ಹದಿನೇಳರಲ್ಲಿ. ಚೀಟಿಗಳಲ್ಲಿ ಎರಡು ಸಾವಿರದ ಹದಿನಾಲ್ಕು, ಮಾರ್ಚಿ ಅಂತ ಇದೆ."

"ತಾರೀಕು ಯಾರು ಬೇಕಾದ್ರೂ ಹಾಕಬಹುದು."

"ಅಕ್ಷರ ಅವರದು."

"ಅದನ್ನ ಹೇಳ್ತಿರೋದು ನೀವೇ ಅಲ್ವಾ?"

ಅವಳು ಅದಕ್ಕೆ ಸಿಟ್ಟಾಗಲಿಲ್ಲ. ಅವನ ಜಾಗದಲ್ಲಿದ್ದರೆ ಅವಳೂ ಅದನ್ನೇ ಕೇಳುತ್ತಿದ್ದಳು. ಗಡಿಯಾರ ನೋಡಿದಳು, ಹನ್ನೊಂದಕ್ಕೆ ಹತ್ತು ನಿಮಿಷ.

"ನನಗೆ ಒಂದು ಗಂಟೆ ಕೊಡಿ. ಮೊದಲು ಶಿಷ್ಯೆಯಾಗಿ ಹೋಗಿ ಕೇಳ್ತೀನಿ. ಆಮೇಲೆ ನೀವು ಪೊಲೀಸಾಗಿ ಬನ್ನಿ."

"ನಿಯಮದಲ್ಲಿ ಹಾಗಿಲ್ಲ."

"ಗೊತ್ತು. ಅವರ ಮನೆ ಕೆಳಗೆ ಕಾಫಿ ಬಾರ್ ಇದೆ. ಅಲ್ಲಿ ಕೂತಿರಿ."

"ಈ ಊರಿನ ಕಾಫಿ ಕುಡಿಯೋ ಶಿಕ್ಷೆ ನನಗ್ಯಾಕೆ ತಾಯಿ?" ಎನ್ನುತ್ತಲೇ ಅವನು ಟೋಪಿ ಹಾಕಿಕೊಂಡ. "ಹನ್ನೆರಡಕ್ಕೆ ಗಂಟೆ ಒತ್ತುತ್ತೀನಿ. ಒಂದು ನಿಮಿಷವೂ ಆಚೆಯಿಲ್ಲ."

ಊರಿನ ಮೇಲೆ ಡಿಸೆಂಬರಿನ ಮಂಜು ಕೂತಿತ್ತು. ಕಮಾನುಗಳ ಕೆಳಗೆ ಇಬ್ಬರೂ ಮಾತಿಲ್ಲದೆ ನಡೆದರು. ಒಂದು ನಾಣ್ಯ, ಅದರ ಕವರು, ಎರಡೂ ಎಲ್ವೀರಾಳ ಕೈಚೀಲದಲ್ಲಿದ್ದವು. ಅವಳು ನಡೆಯುತ್ತಾ ಚೀಲವನ್ನು ಮೂರು ಸಲ ಮುಟ್ಟಿ ನೋಡಿಕೊಂಡಳು.

ಪರಸ್ಕೋವಿಯಾಳನ್ನು ಅವಳು ನೋಡಿದ್ದು ಒಂದೇ ಸಲ, ಠಾಣೆಯ ಪಡಸಾಲೆಯಲ್ಲಿ. ಸೋಪಿಗೆ ಸವೆದ ಕೆಂಪು ಕೈ, ಮಂಡಿಯ ಮೇಲೆ ಮಡಚಿಟ್ಟ ಕೋಟು. "ನಾನು ಕವರಿನ ಮೇಲಿನ ಧೂಳು ಒರೆಸ್ತಿದ್ದೆ ಅಮ್ಮಾ, ಅಷ್ಟೇ" ಎಂದಿದ್ದಳು. "ಒಳಗಿರೋದನ್ನ ನಾನು ಯಾಕೆ ನೋಡಲಿ?" ವಕೀಲರು ಬಿದ್ದದ್ದು ಗುರುವಾರ ನಾಲ್ಕು ಗಂಟೆಗೆ. ಗುರುವಾರ ಮಧ್ಯಾಹ್ನ ಈ ಊರಿನ ಎಲ್ಲ ಮನೆಗೆಲಸದ ಹೆಂಗಸರಿಗೂ ಬಿಡುವು. ಉದ್ಯಾನದ ಬೆಂಚುಗಳಲ್ಲಿ ಕೂತು ತಮ್ಮೂರಿನ ಮಾತಾಡುತ್ತಾರೆ. ತಾನೂ ಅಲ್ಲೇ ಇದ್ದೆ ಎಂದಳು ಪರಸ್ಕೋವಿಯಾ. ಜೊತೆಗಿದ್ದವರ ಹೆಸರು ಹೇಳು ಎಂದರೆ ತುಟಿ ಬಿಗಿದುಕೊಂಡಳು. ಅವರಲ್ಲಿ ಮೂವರಿಗೆ ಈ ದೇಶದಲ್ಲಿರಲು ಬೇಕಾದ ಕಾಗದಪತ್ರ ಇರಲಿಲ್ಲ.

ಬಾರ್‌ನ ಬಾಗಿಲಲ್ಲಿ ಮಾರೆಶಾಲ್ಲೊ ನಿಂತ. ಎಲ್ವೀರಾ ಮೂರು ಮಹಡಿ ಹತ್ತಿದಳು.

ಬಾಗಿಲು ತೆಗೆದವರು ಜೆಲಿಂದಾ, ಲೆಯಾರ್ಕೊ ಅವರ ಅಕ್ಕ. ಎಂಬತ್ತಮೂರು ವರ್ಷ, ನೆಟ್ಟಗಿನ ಬೆನ್ನು, ಮೊಣಕೈವರೆಗೆ ಹಿಟ್ಟು.

"ಕಾಲೊರೆಸ್ಕೊಂಡು ಬಾ. ಹಬ್ಬದ ತೊರ್ತೆಲ್ಲಿನಿ ಕಡುಬು ಮಾಡ್ತಿದೀನಿ, ಮಧ್ಯ ಎದ್ದು ಬರೋಕಾಗಲ್ಲ. ಕಾಫಿ ಬೇಕಾದ್ರೆ ಆಮೇಲೆ."

"ಏನೂ ಬೇಡ ಜೆಲಿಂದಾ."

"ಬೇಡ ಅನ್ನೋ ಮುಖ ಅಲ್ಲ ಅದು. ಊಟ ಬಿಟ್ಟಿದೀಯಾ?" ಎನ್ನುತ್ತಾ ಉತ್ತರಕ್ಕೆ ಕಾಯದೆ ಅಡುಗೆಮನೆಗೆ ಹೋದರು.

ಲೆಯಾರ್ಕೊ ಬೆನಾಸ್ಸಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಕಣ್ಣು ಹೋಗಿ ವರ್ಷಗಳಾದರೂ ಕೂರುವ ಜಾಗ ಬದಲಾಯಿಸಿರಲಿಲ್ಲ. ಬೆಳಗ್ಗೆ ಬೆಳಗ್ಗೆಯೇ ಕ್ಷೌರ ಮಾಡಿ ಟೈ ಕಟ್ಟಿದ್ದರು.

"ಮೆಟ್ಟಿಲು ಎರಡೆರಡು ಹತ್ತಿದೆ" ಎಂದರು. "ಹೆದರಿದಾಗ ನೀನು ಹಾಗೇ ಹತ್ತೋದು. ಏನು ತಂದಿದೀಯಾ?"

ಅವಳು ನಾಣ್ಯವನ್ನು ಅವರ ಅಂಗೈಯಲ್ಲಿ ಇಟ್ಟಳು.

ಮುದುಕರ ಮುಖ ಬೆಳಗಿತು. ಬೆರಳ ತುದಿಯ ಮೇಲೆ ನಾಣ್ಯ ತೂಗಿದರು. ಉಗುರಲ್ಲಿ ಅಂಚು ಸುತ್ತಿದರು. ಕಿಟಕಿಯ ಅಮೃತಶಿಲೆಯ ಹಾಸಿನ ಮೇಲೆ ಬೀಳಬಿಟ್ಟರು. ಸದ್ದು ತೆಳ್ಳಗೆ, ಉದ್ದಕ್ಕೆ ಎಳೆಯಿತು.

"ಬೆಳ್ಳಿ ಒಳ್ಳೇದು."

"ಒಳ್ಳೇದೇ, ಮೇಷ್ಟ್ರೇ."

"ಅಸಲಿ."

"ಅಲ್ಲ."

ಅವರು ನಾಣ್ಯವನ್ನು ಮತ್ತೆ ಬೀಳಿಸಲಿಲ್ಲ. ಮುಷ್ಟಿಯಲ್ಲಿ ಇಟ್ಟುಕೊಂಡರು. "ಹೇಗೆ ಹೇಳ್ತೀಯಾ?"

"ಇದರ ಜೊತೆಯವು ಇನ್ನೂ ಇಪ್ಪತ್ತೆರಡು ಇವೆ. ಸಾಲಾಗಿಟ್ಟು ಮಗುಚಿದೆ. ಎಲ್ಲಾ ನೆಟ್ಟಗೆ."

"ಎಲ್ಲಾ?"

"ಎಲ್ಲಾ."

"ಯಾರ ಮುದ್ರೆ?"

ಅವಳು ಕತ್ತರಿಸಿದ ಕವರನ್ನು ಅವರ ಇನ್ನೊಂದು ಕೈಗೆ ಕೊಟ್ಟಳು. ತೋರುಬೆರಳು ರಿವೆಟ್ಟಿನ ತಲೆಯನ್ನು ಹುಡುಕಿತು, ಅಲ್ಲೇ ನಿಂತಿತು. ಗೀರು ಸಿಕ್ಕಿತ್ತು.

"ಗವಿಯೋಲಿಯದು" ಎಂದರು.

"ಹೌದು."

"ಇಕ್ಕಳ ಸಿಕ್ಕಿದೆಯಂತಲ್ಲ ಆ ಹೆಂಗಸಿನ ಹತ್ರ. ರೇಡಿಯೋದಲ್ಲಿ ಕೇಳಿದೆ."

"ಪರದೆಯ ಇಕ್ಕಳ ಅದು."

"ಇಕ್ಕಳ ಇಕ್ಕಳವೇ." ಅವರ ದನಿ ಮೃದುವಾಗಿತ್ತು, ಹಿಂದೆ ಪಾಠ ಹೇಳುವಾಗಿನಂತೆಯೇ. "ರಿವೆಟ್ ಬಿಚ್ಚಿ ಮತ್ತೆ ಕೂರಿಸಿದ ಗುರುತು ಇದೆ ಅಂತ ಒಂದು ಸಾಲು ಬರಿ. ಆ ಸಾಲನ್ನ ಅಳೆದು ನೋಡೋರು ಈ ಊರಲ್ಲಿ ನಿನ್ನ ಬಿಟ್ರೆ ಯಾರೂ ಇಲ್ಲ."

ಎಲ್ವೀರಾಳಿಗೆ ತಾನು ಕೇಳಿಸಿಕೊಂಡದ್ದು ಸರಿಯೇ ಎಂಬ ಅನುಮಾನ ಬಂತು. ತಾನು ಕಲಿಯಲು ಬಂದ ಮೊದಲ ವಾರ, ಒಂದು ಸಂಶಯದ ನಾಣ್ಯಕ್ಕೆ 'ಬಹುಶಃ' ಎಂದು ಬರೆದದ್ದಕ್ಕೆ ಚೀಟಿ ಹರಿದು ಹಾಕಿದ್ದ ಮನುಷ್ಯ ಇವರು.

"ಮೇಷ್ಟ್ರೇ, ಏನು ಹೇಳ್ತಿದೀರಿ?"

"ಲೆಕ್ಕ ಹೇಳ್ತಿದೀನಿ ಹುಡುಗಿ. ನನ್ನ ಸಹಿ ಇರೋ ಕವರು ಎಷ್ಟಿವೆ ಗೊತ್ತಾ? ಒಂಬತ್ತು ಸಾವಿರ. ವಿಧವೆಯರ ಬೀರುವಿನಲ್ಲಿವೆ, ಮ್ಯೂಸಿಯಂನಲ್ಲಿವೆ, ಮೊಮ್ಮಕ್ಕಳ ಓದಿಗೆ ಅಂತ ಎತ್ತಿಟ್ಟವರ ಹತ್ರ ಇವೆ. ಈ ಇಪ್ಪತ್ತನಾಲ್ಕು ಬಿದ್ರೆ ಒಂಬತ್ತು ಸಾವಿರವೂ ಬೀಳುತ್ತೆ. ಆಕೆ ಕಳ್ಳತನಕ್ಕೆ ಎರಡು ವರ್ಷ ಇದ್ದು ಬರ್ತಾಳೆ."

"ಕಳ್ಳತನ ಅಂತ ಆದ ಕೂಡ್ಲೇ ಕೊಲೆ ಅಂತಲೂ ಆಗುತ್ತೆ. ನೂಕೋಕೆ ಕಾರಣ ಸಿಗುತ್ತಲ್ಲ. ಇಪ್ಪತ್ತು ವರ್ಷ, ಮೇಷ್ಟ್ರೇ. ಅವಳಿಗೀಗ ನಲವತ್ತೊಂಬತ್ತು."

ಅವರ ಬೆರಳು ಮತ್ತೆ ರಿವೆಟ್ಟಿನ ಗೀರಿಗೆ ಹೋಯಿತು.

"ಒಂದು ಹೇಳಿ" ಎಂದಳು ಎಲ್ವೀರಾ. ಈ ಪ್ರಶ್ನೆಯನ್ನು ಅವಳು ಬೆಳಗಿನಿಂದ ಬಾಯೊಳಗೇ ಇಟ್ಟುಕೊಂಡಿದ್ದಳು. "ಆವತ್ತು ಇಪ್ಪತ್ತನಾಲ್ಕೂ ಒಟ್ಟಿಗೆ ನಿಮ್ಮ ಮುಂದೆ ಬಂದಿತ್ತು. ನನ್ನಂಥವಳಿಗೆ ಒಂದು ಗಂಟೇಲಿ ಕಂಡದ್ದು. ನೀವು ನೋಡಲಿಲ್ವಾ?"

"ನೋಡಲಿಲ್ಲ."

"ಯಾಕೆ ನೋಡಲಿಲ್ಲ? ದುಡ್ಡು ತಗೊಂಡ್ರಾ?"

"ಎಲ್ವೀರಾ!" ಕುರ್ಚಿಯ ಕೈ ಹಿಡಿದ ಬೆರಳು ಬಿಳಿಚಿತು. ಆಮೇಲೆ ಆ ಸಿಟ್ಟು ನಿಲ್ಲಲು ನೆಲ ಸಿಗದೆ ಕುಸಿಯಿತು. "ನೋಡೋಕೆ ಆಗ್ತಿರಲಿಲ್ಲ. ನೀನು ಸ್ವಂತ ಅಂಗಡಿ ಅಂತ ಹೋದೆಯಲ್ಲ, ಅದರ ಮಾರನೇ ವರ್ಷ ಎಡಗಣ್ಣು ಹೋಯ್ತು. ಎರಡು ಸಾವಿರದ ಹನ್ನೆರಡರಲ್ಲಿ ಬಲಗಣ್ಣು. ಶಸ್ತ್ರಚಿಕಿತ್ಸೆ ಕೆಟ್ಟಿತು ಅಂತ ಹದಿನೇಳರಲ್ಲಿ ಊರಿಗೆಲ್ಲ ಹೇಳಿದೆನಲ್ಲ, ಅದು ಸುಳ್ಳು. ಅಷ್ಟು ಹೊತ್ತಿಗೆ ನಾನು ಕತ್ತಲಲ್ಲಿ ಕೂತು ಐದು ವರ್ಷ ಆಗಿತ್ತು."

ಎಲ್ವೀರಾ ಪಕ್ಕದ ಸ್ಟೂಲಿನ ಮೇಲೆ ಕೂತಳು. 

ಐದು ವರ್ಷ. ಆ ಐದು ವರ್ಷದ ಕವರುಗಳನ್ನು ಅವಳೇ ಎಷ್ಟು ಜನರಿಗೆ ಕೊಡಿಸಿದ್ದಳು. ಸಹಿ ನೋಡಿ.

"ಬೆರಳು ಇತ್ತು" ಎಂದರು ಲೆಯಾರ್ಕೊ. "ಕಿವಿ ಇತ್ತು. ಎರಕದ ನಾಣ್ಯ ನನ್ನ ಕೈ ಮುಂದೆ ಒಂದೂ ದಾಟಿಲ್ಲ. ಇವು ಒಳ್ಳೇ ಬೆಳ್ಳಿ, ಒತ್ತಿ ಮಾಡಿದ್ದು, ಸರಿಯಾಗಿ ದನಿ ಕೊಟ್ಟವು. ಯಾವ ದಿಕ್ಕಿಗೆ ಕುದುರೆ ಓಡ್ತಿದೆ ಅಂತ ಸವೆದ ನಾಣ್ಯದಲ್ಲಿ ಬೆರಳಿಗೆ ಹೇಗೆ ಗೊತ್ತಾಗಬೇಕು?"

"ನನಗೆ ಹೇಳಬಹುದಿತ್ತು."

"ಹೇಳಿದ್ರೆ ಏನು ಮಾಡ್ತಿದ್ದೆ?"

"ಬರ್ತಿದ್ದೆ."

"ಅದಕ್ಕೇ ಹೇಳಲಿಲ್ಲ."

ಹೊರಗೆ ಮಂಜಿನಲ್ಲಿ ಎಲ್ಲೋ ಸೈಕಲ್ ಗಂಟೆ ಕೇಳಿತು. ಎಲ್ವೀರಾ ಅವರ ಕೈಯಲ್ಲಿದ್ದ ಕವರಿನಿಂದ ಚೀಟಿಯನ್ನು ತೆಗೆದುಕೊಂಡಳು. ಹಸಿರು ಶಾಯಿ, ನೆಟ್ಟಗಿನ ಅಕ್ಷರ, ಏಳಕ್ಕೆ ನಡುವೆ ಅಡ್ಡಗೀಟು. ಅವಳಿಗೆ ಗೊತ್ತಿದ್ದ ಅಕ್ಷರ. ಅದನ್ನು ದಿಟ್ಟಿಸುತ್ತಾ ಅವಳು ಸಾಲುಗಳ ಉದ್ದಕ್ಕೂ ಬೆರಳಾಡಿಸಿದಳು.

"ಮೇಷ್ಟ್ರೇ, ಸಾಲು ಎಲ್ಲೂ ಸೊಟ್ಟ ಹೋಗಿಲ್ಲ. ತೂಕ ಎರಡು ದಶಾಂಶದವರೆಗೆ ಸರಿ ಇದೆ. ತಕ್ಕಡಿ ಓದಿದವರು ಯಾರು? ಇದನ್ನ ಬರೆದವರು ಯಾರು?"

"ಸಹಿ ನನ್ನದು. ಸಹಿಗೆ ಕಣ್ಣು ಬೇಡ."

"ಅದನ್ನ ಕೇಳಲಿಲ್ಲ."

ಲೆಯಾರ್ಕೊ ಕಿಟಕಿಯ ಕಡೆ ತಿರುಗಿದರು. ಅವಳು ಅವರ ಮುಖ ನೋಡುತ್ತಿದ್ದಳು, ಆದ್ದರಿಂದ ಉತ್ತರ ಹಿಂದಿನಿಂದ ಬಂದಾಗ ಬೆಚ್ಚಿದಳು.

"ಅವನನ್ನ ಬಿಡು. ಅದು ನನ್ನ ಕೈಬರಹ."

ಜೆಲಿಂದಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು, ಕೈಯ ಹಿಟ್ಟನ್ನು ಏಪ್ರನ್ನಿಗೆ ಒರೆಸುತ್ತಾ.

"ಜೆಲಿಂದಾ, ನೀನು ಒಳಗೆ ಹೋಗು" ಎಂದರು ಲೆಯಾರ್ಕೊ.

"ಎಂಬತ್ತು ವರ್ಷದಿಂದ ಒಳಗೇ ಇದೀನಿ." ಅವರು ತಮ್ಮನ ಕಡೆ ನೋಡಲಿಲ್ಲ, ಎಲ್ವೀರಾಳ ಕಡೆ ನೋಡಿದರು. "ನನ್ನನ್ನ ನಾಲ್ಕನೇ ಕ್ಲಾಸಿಗೆ ಶಾಲೆ ಬಿಡಿಸಿದ್ರು. ಇವನಿಗೆ ಅಕ್ಷರ ತಿದ್ದಿಸಿದವಳು ನಾನು, ಇದೇ ಅಡುಗೆಮನೆ ಮೇಜಿನ ಮೇಲೆ. ಏಳಕ್ಕೆ ಅಡ್ಡಗೀಟು ಹಾಕು ಅಂತ ಹೇಳಿಕೊಟ್ಟದ್ದೂ ನಾನೇ. ಇವನ ಅಕ್ಷರ ಅಂತ ಊರೆಲ್ಲ ಹೊಗಳ್ತಿತ್ತಲ್ಲ, ಅದು ಯಾರದು ಅಂತ ಯಾರೂ ಕೇಳಲಿಲ್ಲ. ನೀನೂ ಕೇಳಲಿಲ್ಲ."

ಎಲ್ವೀರಾ ಮೂವತ್ತು ವರ್ಷ ಈ ಹೆಂಗಸು ಮಾಡಿದ ಕಾಫಿ ಕುಡಿದಿದ್ದಳು. ಮಂಡಿನೋವು ಹೇಗಿದೆ ಎಂಬುದನ್ನು ಬಿಟ್ಟು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

"ತಕ್ಕಡಿ ಓದಿದವರೂ ನೀವೇ."

"ನಾನೇ. ರಿವೆಟ್ ಬಡಿದವಳೂ ನಾನೇ. ಇವನು ಹೇಳ್ತಿದ್ದ, ನಾನು ಮಾಡ್ತಿದ್ದೆ."

"ಆವತ್ತಿನ ನಾಣ್ಯ ನೆನಪಿದೆಯಾ?"

"ನೆನಪಿರೋದೇನು, ಅವು ಸುಳ್ಳು ಅಂತ ಆವತ್ತೇ ಗೊತ್ತಿತ್ತು."

ಲೆಯಾರ್ಕೊ ಅವರ ತಲೆ ಥಟ್ಟನೆ ತಿರುಗಿತು. "ಏನಂದೆ?"

"ಇಲ್ಲಿ ನೋಡು" ಎಂದರು ಜೆಲಿಂದಾ ಎಲ್ವೀರಾಳಿಗೆ. ಅಡುಗೆಮನೆಯ ಹಲಗೆಯ ಮೇಲೆ ಕಿರುಬೆರಳಿಗೆ ಸುತ್ತಿ ಮಡಚಿದ ತೊರ್ತೆಲ್ಲಿನಿ ಸಾಲುಸಾಲಾಗಿ ಒಣಗುತ್ತಿದ್ದವು. "ಇವತ್ತು ಆರುನೂರು ಮಡಚಿದೀನಿ. ಎರಡು ಒಂದೇ ಥರ ಇದ್ರೆ ತೋರಿಸು. ಒಂದು ಎಡಕ್ಕೆ ಸೊಟ್ಟ, ಒಂದಕ್ಕೆ ಮೂಗು ದಪ್ಪ. ಕೈ ಅಂದ್ರೆ ಹಾಗೆ. ಎಲ್ಲಾ ಒಂದೇ ಥರ ಇದ್ರೆ ಅದು ಅಂಗಡಿಯಿಂದ ತಂದದ್ದು. ಆ ವಕೀಲ ನಾಣ್ಯದ ತಟ್ಟೆ ಇಟ್ಟ, ನಾನು ತೂಗೋಕೆ ಅಂತ ಒಂದೊಂದೇ ತಿರುಗಿಸಿದೆ. ಎಲ್ಲಾ ಕುದುರೇನೂ ಒಂದೇ ಥರ ನಿಂತಿವೆ. ಇದು ಅಂಗಡೀದು ಅಂದ್ಕೊಂಡೆ."

"ನನಗೆ ಹೇಳಲಿಲ್ಲ" ಎಂದರು ಲೆಯಾರ್ಕೊ. ದನಿ ಮಗುವಿನದಾಗಿತ್ತು. "ನನ್ನ ಹೆಸರು ಹಾಕಿಸಿದೆ, ಹೇಳಲಿಲ್ಲ."

"ವಕೀಲನಿಗೆ ಹೇಳಿದೆ. ನೀನು ಕೈ ತೊಳೆಯೋಕೆ ಹೋದಾಗ. ಅವನು ನಕ್ಕ. ನಿಮ್ಮ ತಮ್ಮನಿಗೆ ಕಣ್ಣಿಲ್ಲ ಅಂತ ನನಗೆ ಗೊತ್ತು, ಊರಿಗೂ ಗೊತ್ತಾಗಬೇಕಾ ಅಂದ. ಅಸಲಿ ನಾಣ್ಯ ಅವನು ಗಡಿಯಾಚೆ ಮಾರಿಬಿಟ್ಟಿದ್ದ. ಅದರಲ್ಲಿ ಅರ್ಧ ಅವನ ತಂಗೀದು. ಅವಳು ಬೀರು ತೆಗೆದು ನೋಡಿದಾಗ ಇಪ್ಪತ್ತನಾಲ್ಕು ಕವರು ಕಾಣಬೇಕಿತ್ತು, ಅಷ್ಟೇ."

"ಹೇಳಬೇಕಿತ್ತು, ಜೆಲಿಂದಾ. ಅಂಗಡಿ ಮುಚ್ತಿದ್ದೆ."

"ಮುಚ್ಚಿ ಏನು ಮಾಡ್ತಿದ್ದೆ? ಈ ಕುರ್ಚೀಲಿ ಕೂತು ಒಂದೇ ವರ್ಷಕ್ಕೆ ಸಾಯ್ತಿದ್ದೆ. ನಾನು ಬರೆದೆ. ನೀನು ಸಹಿ ಹಾಕಿದೆ. ಆವತ್ತು ರಾತ್ರಿ ನೀನು ಹಾಡು ಹೇಳ್ಕೊಂಡು ಊಟ ಮಾಡಿದೆ."

 ಅಡುಗೆಮನೆಯಲ್ಲಿ ಸಾರು ಕುದಿಯುತ್ತಿತ್ತು.

ಎಲ್ವೀರಾ ಗಡಿಯಾರ ನೋಡಿದಳು. ಹನ್ನೆರಡಕ್ಕೆ ಆರು ನಿಮಿಷ. ಬರೆಯಬೇಕಾದ ಕಾಗದ ಈಗ ಅವಳ ತಲೆಯಲ್ಲಿ ಪೂರ್ತಿ ಇತ್ತು. ಮುದ್ರೆ ಒಡೆದಿಲ್ಲ. ನಾಣ್ಯ ಮೊದಲಿನಿಂದಲೂ ಖೋಟಾ. ಪರಸ್ಕೋವಿಯಾ ಕದ್ದಿಲ್ಲ. ಅದರ ಕೆಳಗೆ ಅವಳ ಸಹಿ, ಒಂಬತ್ತು ಸಾವಿರ ಕವರುಗಳ ಮೇಲೆ ಬೀಳುವ ಸುತ್ತಿಗೆ.

"ಇದನ್ನ ನೀವು ಮಾರೆಶಾಲ್ಲೊ ಮುಂದೆ ಹೇಳ್ತೀರಾ?" ಎಂದಳು.

ಜೆಲಿಂದಾ ಏಪ್ರನ್ ಬಿಚ್ಚಿ ಮಡಚಿದರು. ಕೈ ತೊಳೆದು, ಚರ್ಚಿಗೆ ಹೋಗುವಾಗಿನ ಕಪ್ಪು ಕೋಟು ತೊಟ್ಟು ಬಂದರು. "ಹೇಳಿದ್ರೆ ಆ ಹೆಂಗಸನ್ನ ಬಿಡ್ತಾರಾ?"

ಎಲ್ವೀರಾ ಎಚ್ಚರದಿಂದ ಮಾತು ಆರಿಸಿಕೊಂಡಳು. ಸುಳ್ಳು ಭರವಸೆ ಕೊಡುವ ಹೊತ್ತಲ್ಲ. "ಕಳ್ಳತನ ಹೋಗುತ್ತೆ. ಸಾವಿನ ವಿಷಯ ಉಳಿಯುತ್ತೆ. ಮನೇಲಿದ್ದವಳು ಅವಳೊಬ್ಬಳೇ ಅಂತಾರೆ. ಗುರುವಾರ ನಾಲ್ಕು ಗಂಟೆಗೆ ಅವಳು ಅಲ್ಲಿರಲಿಲ್ಲ ಅನ್ನೋಕೆ ಒಂದು ಸಾಕ್ಷಿಯೂ ಇಲ್ಲ."

"ಅವಳು ಇರಲಿಲ್ಲ."

"ನಾನೂ ನಂಬ್ತೀನಿ. ಆದ್ರೆ ನ್ಯಾಯಾಧೀಶರಿಗೆ..."

"ನಂಬೋ ಮಾತಲ್ಲ." ಜೆಲಿಂದಾ ಕೋಟಿನ ಮೇಲಿನ ಗುಂಡಿ ಹಾಕಿಕೊಂಡರು, ಆಮೇಲೆ ಅದರ ಕೆಳಗಿನದು. "ಆ ಗುರುವಾರ ನಾನು ಹೋದಾಗ ನನಗೆ ಬಾಗಿಲು ತೆಗೆದವನು ವಕೀಲನೇ."

ಎಲ್ವೀರಾಳ ಕೈಯಿಂದ ಚೀಟಿ ಜಾರಿ ನೆಲಕ್ಕೆ ಬಿತ್ತು.

ಲೆಯಾರ್ಕೊ ಎದ್ದು ನಿಂತಿದ್ದರು. ಗಾಳಿಯಲ್ಲಿ ಅಕ್ಕನನ್ನು ಹುಡುಕಿದ ಕೈ ಏನೂ ಸಿಗದೆ ಅಲ್ಲೇ ನಿಂತಿತು. ಮುಖ ಮಾತ್ರ ಎಲ್ವೀರಾಳ ಕಡೆ ಇತ್ತು.

"ನೀನು ಏನೂ ಕೇಳಿಸಿಕೊಂಡಿಲ್ಲ" ಎಂದರು. "ಎಲ್ವೀರಾ. ಕೈ ಮುಗೀತೀನಿ. ನಾಣ್ಯದ್ದು ಎಲ್ಲಾ ಬರಿ. ನನ್ನ ಹೆಸರು ಬರಿ, ಕಣ್ಣಿಂದ ಹಿಡಿದು ಎಲ್ಲಾ ಬರಿ. ಇದೊಂದನ್ನ ಕೇಳಿಸಿಕೊಂಡಿಲ್ಲ."

ಕೆಳಗಿನ ಬೀದಿಬಾಗಿಲ ಗಂಟೆ ಬಾರಿಸಿತು. ಒಂದು ನಿಮಿಷವೂ ಆಚೀಚೆ ಇಲ್ಲ.

ಬೀದಿಬಾಗಿಲು ತೆರೆಯುವ ಗುಂಡಿ ಗೋಡೆಯ ಮೇಲಿತ್ತು, ಎಲ್ವೀರಾಳ ಭುಜದ ಪಕ್ಕದಲ್ಲೇ. ಅವಳು ಅದನ್ನು ಮುಟ್ಟಲಿಲ್ಲ. ಗಂಟೆ ಮತ್ತೆ ಬಾರಿಸಿತು, ಈ ಸಲ ಉದ್ದಕ್ಕೆ.

ಜೆಲಿಂದಾ ಬಗ್ಗಿ ನೆಲದ ಮೇಲಿನ ಚೀಟಿಯನ್ನು ಎತ್ತಿಕೊಂಡರು. ತಮ್ಮದೇ ಅಕ್ಷರವನ್ನು ಒಮ್ಮೆ ನೋಡಿ ಅವಳ ಕೈಯಲ್ಲಿ ಇಟ್ಟರು.

"ಒತ್ತು ಮಗಳೇ" ಎಂದರು. "ಆ ವಕೀಲ ಹೇಗೆ ಬಿದ್ದ ಅನ್ನೋದನ್ನ ನನ್ನ ಕೈಲಿ ಎರಡು ಸಲ ಹೇಳೋಕಾಗಲ್ಲ."